ಆಫ್ ಮಾಡದೆ ಬಿಟ್ಟ ರಿಮೋಟ್

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ೬೮, ನಿವೃತ್ತ ಮೀಟರ್ ರೀಡರ್, ವಿಧುರ, ವಾಸ ಪಂಪ್‌ಹೌಸ್ ಹಿಂದಿನ ಓಣಿಯ ಮಹಡಿ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ಮೃತ ಟೈಲರ್ ನನ್ನ ಗೆಳೆಯ. ಪ್ರತಿ ಭಾನುವಾರ ನಾವಿಬ್ಬರೂ ಪಾರ್ಕಿನ ಕೊಳದಲ್ಲಿ ರಿಮೋಟ್ ಹಾಯಿದೋಣಿ ಬಿಡುತ್ತಿದ್ದೆವು. ಇದು ಆಟಿಕೆಯಲ್ಲ. ಕಾಲೇಜಿನ ಇಂಗ್ಲಿಷಿನಲ್ಲಿ ಹೇಳುವುದಾದರೆ 'ಜಂಟಲ್‌ಮನ್ ಸ್ಪೋರ್ಟ್' ಅಥವಾ ಅಂಥದೇನೋ. ನನ್ನ ದಿವಂಗತ ಪತ್ನಿ ಮಾತ್ರ ಮುದುಕರ ಬಚ್ಚಲಾಟ ಎನ್ನುತ್ತಿದ್ದಳು. ಅದಿರಲಿ. ದೋಣಿಗೆ ಮೋಟಾರಿಲ್ಲ, ಗಾಳಿಯೇ ಗತಿ. ರಿಮೋಟಿನ ಒಂದು ಕಡ್ಡಿ ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ದಾರವನ್ನು ಎಳೆಯುತ್ತದೆ, ಸಡಿಲಿಸುತ್ತದೆ. ದೋಣಿ ನೀರಿನಲ್ಲಿರುವಾಗ ರಿಮೋಟ್ ಆಫ್ ಮಾಡುವಂತಿಲ್ಲ. ಮಾಡಿದರೆ ದೋಣಿ ಯಾರ ಮಾತೂ ಕೇಳದು. ಟೈಲರಿಗೆ ನಾನು ಹೇಳಿಕೊಟ್ಟ ಮೊದಲ ಪಾಠವೇ ಇದು.

ನಿನ್ನೆ ಬೆಳಿಗ್ಗೆ ೭ಕ್ಕೆ ಇಬ್ಬರೂ ಹೋದೆವು. ಹಳೆ ಕೊಡೆಯ ಬಟ್ಟೆಯಲ್ಲಿ ಅವನು ಹೊಸ ಹಾಯಿ ಹೊಲಿದಿದ್ದನು. ನಾನು ಹಿಂದೆ ಬಿದ್ದಾಗ, ಏನ್ ಗುರುವೇ, ನಿಮ್ ದೋಣೀನೂ ರಿಟೈರ್ ಆಯ್ತಾ ಎಂದು ಹಂಗಿಸಿದನು. ೮ರ ಸುಮಾರಿಗೆ ಗಾಳಿ ನಿಂತಿತು. ಅವನ ದೋಣಿಯ ಅಡಿಭಾಗ ದಡದಿಂದ ೧೫ ಅಡಿ ದೂರದ ಜೊಂಡಿಗೆ ಸಿಕ್ಕಿಕೊಂಡಿತು. ಗಾಳಿ ಬರಲಿ, ಅಷ್ಟರಲ್ಲಿ ಚಹಾ ತರುತ್ತೇನೆ ಎಂದು ನಾನು ಗೇಟಿಗೆ ಹೊರಟೆನು. ನಂದಕ್ಕೆ ಸಕ್ಕರೆ ಕಮ್ಮಿ ಎಂದು ಹಿಂದಿನಿಂದ ಕೂಗಿ ಹೇಳಿದನು.

ಹಿಂತಿರುಗಿದಾಗ ಅವನು ಕಾಣಲಿಲ್ಲ. ಮಡಿಸಿಟ್ಟ ಅಂಗಿಯ ಮೇಲೆ ರಿಮೋಟ್ ಇತ್ತು, ಕೆಂಪು ದೀಪ ಉರಿಯುತ್ತಿತ್ತು. ಬಿಡಿಸಿದ ಕೂಡಲೇ ದೋಣಿ ಗಾಳಿ ಹಿಡಿದು ಓಡದಿರಲೆಂದು ಹಾಯಿಯನ್ನು ಪೂರ್ತಿ ಸಡಿಲಿಸಿದ್ದನು. ನಾನು ಎರಡೂ ಚಹಾ ಕೆಳಗಿಟ್ಟು ಕೂಗಿದೆನು. ಮಾಲಿ ಬಂದು ಬಿದಿರುಗೋಲು ಹಾಕಿ ಹುಡುಕಿದನು. ಜೊಂಡಿನ ಹತ್ತಿರ ಹೂಳೆತ್ತಿದ ಗುಂಡಿಯಿರುವುದು ಮಾಲಿಗೆ ಗೊತ್ತಿತ್ತು, ನಮಗಿರಲಿಲ್ಲ. ಮೇಲೆತ್ತಿದಾಗ ಪ್ಯಾಂಟು ಮೊಣಕಾಲಿನ ತನಕ ಮಡಚಿಕೊಂಡೇ ಇತ್ತು.

ಪೇದೆಯವರು, ಈಜು ಬಾರದವನು, ಅಂಗಡಿ ಮುಚ್ಚಿ ತಿಂಗಳಾಗಿಲ್ಲ, ಸೂಸೈಡೇ ಇದು ಎಂದರು. ಅವನ ಮಗಳ ಎದುರಿಗೇ ಅಂದರು. ಅವಳು ನನ್ನ ತೋಳು ಹಿಡಿದು, ದೊಡ್ಡಪ್ಪ, ಅಪ್ಪಂಗೆ ನಾವು ಬೇಡವಾದ್ವಾ ಎಂದು ಕೇಳಿದಳು.

ಹಾಯಿ ಸಡಿಲಿಸಿ, ರಿಮೋಟ್ ಆನ್ ಇಟ್ಟು ಇಳಿದವನು ಮರಳಿ ಬಂದು ಅದನ್ನು ಕೈಗೆತ್ತಿಕೊಳ್ಳುವವನೇ ಸ್ವಾಮಿ. ಆದ್ದರಿಂದ ವರದಿಯಲ್ಲಿ ಆಕಸ್ಮಿಕ ಎಂದು ಬರೆಯಬೇಕು. ಮತ್ತು ಆ ಹುಡುಗಿಗೆ ಇನ್‌ಸ್ಪೆಕ್ಟರ್ ಸಾಹೇಬರಾದ ತಾವೇ, ಯೂನಿಫಾರ್ಮಿನಲ್ಲೇ ಹೋಗಿ ಹೇಳಬೇಕು. ನಾನು ಹೇಳಿದೆ, ಸಮಾಧಾನಕ್ಕೆ ಹೇಳ್ತೀರಿ ಬಿಡಿ ಎಂದಳು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಕಂಡದ್ದೂ ಹೇಳಿದ್ದೂ ಇದೇ, ಸತ್ಯ.

ಸ್ಥಳ: ಠಾಣೆ
ದಿನ: ಸೋಮವಾರ
ಸಹಿ