ಇಳಿಯದ ಪಾಳಿ

ಅಂದು ಬೆಳಗ್ಗೆಯೇ ಆಕಾಶ ಹಸಿರುಗಟ್ಟಿ, ಗಾಳಿ ಉಸಿರು ಬಿಗಿಹಿಡಿದು ನಿಂತಿತ್ತು. ಆಮೇಲೆ ಆಲಿಕಲ್ಲು ಬಿತ್ತು, ಸುಂಟರಗಾಳಿಯ ಸೈರನ್ ಕೂಗಿತು. ಅಮೆರಿಕದ ನೆಬ್ರಾಸ್ಕದ ಆ ಪುಟ್ಟ ಊರಿನವರೆಲ್ಲ ಇಗರ್ಜಿಯ ನೆಲಮಾಳಿಗೆಗೆ ಇಳಿದರು. ಮುದುಕ ಹಾರ್ಲನ್ ಮೂಲೆಯ ಬೆಂಚು ಹಿಡಿದ. ನಡುವಿನ ಬೆಂಚಿನಲ್ಲಿ ವ್ಲಾಸ್ತಜ್ಜಿ ಕೂತಿದ್ದಳು; ಅವಳ ಎದುರಿಗೆ ಅವನು ಎಂದೂ ಕೂತವನಲ್ಲ.

“ಅಜ್ಜಿ, ದೆವ್ವದ ಕತೆ ಹೇಳಿ. ಮೇಲಿರೋ ಗಾಳಿಗಿಂತ ದೆವ್ವಾನೇ ವಾಸಿ,” ಎಂದಳು ಗಸಗಸೆ ತುಂಬಿದ ಕೊಲಾಚೆ ಬನ್ನು ಹಂಚುತ್ತಿದ್ದ ಮಿಲಾಡ.

“ದೆವ್ವ ಅನ್ಬೇಡ ಕಣೇ, ನನ್ನ ಗಂಡ ಅವನು.” ಅಜ್ಜಿ ಜಪಮಾಲೆಯ ಮಣಿ ಸರಿಸಿದಳು. “ಕೇಳ್ರಪ್ಪ... ಅಣುಬಾಂಬಿನ ಭಯದ ಕಾಲ. ನೆಲವೆಲ್ಲ ಸುಟ್ಟೋದ್ರೂ ತಿರುಗಿ ಹೊಡೆಯೋಕೆ ಅಪ್ಪಣೆ ಕೊಡೋರೊಬ್ರು ಉಳೀಬೇಕು ಅಂತ, ಸೇನೆಯ ಒಬ್ಬ ಜನರಲ್‌ನ ಕೂರಿಸ್ಕೊಂಡು ಒಂದು ವಿಮಾನ ಹಗಲೂ ರಾತ್ರಿ ಮೇಲೇ ಸುತ್ತೋದು. ನಮ್ಮ ಎಮಿಲ್ ಅದರ ರೇಡಿಯೋದೋನು. ಮುಂದಿನ ವಿಮಾನ ಮೇಲೇರಿ, ಬದಲಿಯೋನು ‘ವಹಿಸ್ಕೊಂಡೆ’ ಅಂತ ಬಾಯಿಬಿಟ್ಟು ಹೇಳೋವರೆಗೂ ಇವನು ಇಳಿಯೋ ಹಾಗಿಲ್ಲ. ಒಂದಿನ ಪಾಳಿ ಮುಗಿಸಿ ಬಂದು ಬೂಟು ಬಿಚ್ತಿದ್ದಾನೆ, ಜೀವದ ಗೆಳೆಯನ ಫೋನು. ‘ಮಗೂಗೆ ಜ್ವರ ಕಣೋ, ನನ್ನ ಪಾಳೀಗೂ ನೀನೇ ಹೋಗು. ಸಂಜೆ ವಿಮಾನಕ್ಕೆ ನಾನೇ ಬಂದು ಬಿಡಿಸ್ತೀನಿ.’ ಹೋದ ನನ್ನ ಗಂಡ... ಮಗೂಗೆ ಅಂತ ನಾನು ಸೂಪು ತಗೊಂಡು ಹೋದ್ರೆ, ಅದು ಅಂಗಳದಲ್ಲಿ ಕುಣೀತಿದೆ! ಅಪ್ಪ ಎಲ್ಲಿ? ಕಾಡುಕೋಳಿ ಬೇಟೆಗೆ!”

ಯಾರೋ ನಕ್ಕು, ನಾಲಿಗೆ ಕಚ್ಚಿಕೊಂಡರು. ಹಾರ್ಲನ್ ಕೊಲಾಚೆಯನ್ನು ಕೈಯಲ್ಲೇ ಹಿಡಿದಿದ್ದ.

“ಸಂಜೇನೂ ಅವನು ಬರ್ಲಿಲ್ಲ. ಕಾಯ್ತಾ ಕಾಯ್ತಾ ಎಮಿಲ್ ಎದೆ ಕೂತಲ್ಲೇ ನಿಂತೋಯ್ತು. ಹೆಣ ಇಳೀತು ಕಣ್ರಪ್ಪ... ಪಾಳಿ ಇಳೀತಾ? ಆ ಹಾರಾಟಾನೇ ನಿಲ್ಲಿಸಿ ಎಷ್ಟು ಕಾಲವಾಯ್ತು! ಎಲ್ರನ್ನೂ ಇಳಿಸಿದ್ರು. ಸತ್ತೋನಿಗೆ ಹೇಳಿದೋರು ಯಾರು?”

“ಆ ಗೆಳೆಯ ಯಾರಜ್ಜಿ?” ಎಂದಳು ಮಿಲಾಡ.

ಹಾರ್ಲನ್ ತಲೆ ತಗ್ಗಿಸಿದ. ಇಷ್ಟು ವರ್ಷ ಅವನು ಹೆದರಿದ್ದು ಈ ಪ್ರಶ್ನೆಗೇ.

“ಇಗರ್ಜಿಯೊಳಗೆ ಆ ಹೆಸರು ಯಾಕೆ? ದೇವರಿಗೆ ಗೊತ್ತು.” ಅಜ್ಜಿ ಮೂಲೆಯ ಕಡೆ ನೋಡಲಿಲ್ಲ. “ಆದ್ರೆ ಆಕಾಶ ಹಿಂಗೆ ಹಸಿರಾದಾಗೆಲ್ಲ ಎಮಿಲ್ ಕರೀತಾನೆ. ಇವತ್ತೂ... ಸುಮ್ನಿದ್ದು ಕೇಳಿ.”

ಅಜ್ಜಿಯ ಪಕ್ಕದಲ್ಲಿ ಹವಾಮಾನ ಹೇಳುತ್ತಿದ್ದ ರೇಡಿಯೋದ ದನಿ ಮುಳುಗಿತು. ಗರಗರ ಸದ್ದಿನ ಆಳದಿಂದ, ದಣಿದ ಇನ್ನೊಂದು ದನಿ ಎದ್ದಿತು.

“ಬದಲಿ ಬಂದ್ನಾ? ...ಬದಲಿ ಬಂದ್ನಾ?”

ಹಾರ್ಲನ್ ಮೆಲ್ಲನೆ ಎದ್ದು ಬಂದ. ಅಜ್ಜಿಯ ಮುಂದೆಯೇ ಬಾಗಿ, ರೇಡಿಯೋಗೆ ಬಾಯಿ ಹತ್ತಿರ ತಂದ.

“ಬಂದೆ ಕಣೋ ಎಮಿಲ್. ಜ್ವರ ಸುಳ್ಳು,” ಎಂದ. “ವಹಿಸ್ಕೊಂಡೆ. ನೀನಿನ್ನು ಇಳಿ, ಮಾರಾಯ.”