ಮೀನು ಎಳೆಯುವಾಗ ಹ್ಯಾಂಡಲ್ ತಿರುಗಿಸಿದವನು

ಒಂದೂರು. ಆ ಊರಿನಲ್ಲೊಬ್ಬ ಶ್ರೀಮಂತ. ಶ್ರೀಮಂತ ಎಂದ ಕೂಡಲೇ ನೀವೆಲ್ಲ ಗೋಡೆಗೆ ಒರಗಿ ಆರಾಮಾಗಿ ಕೂತಿರಿ, ನೋಡಿ. ಇದು ನಮ್ಮ ಕಥೆಯಲ್ಲ ಎಂಬ ಸಮಾಧಾನ. ಇರಲಿ, ಹಾಗೇ ಕೂತಿರಿ. ಅವನ ಹೆಸರು ಮಾತ್ರ ಹೇಳುವುದಿಲ್ಲ. ನೆಂಟರು ಯಾರಾದರೂ ಈ ಭಜನಾ ಮಂದಿರದಲ್ಲೇ ಇದ್ದರೆ ಪ್ರಸಾದದ ಹೊತ್ತಿಗೆ ನನಗೆ ಕಷ್ಟ.

ಅವನದು ಗೇರುಬೀಜದ ಕಾರ್ಖಾನೆ. ಅಲ್ಲಿ ಯಾರು ಯಾವಾಗ ನೀರು ಕುಡಿಯಬೇಕು ಎಂಬುದನ್ನೂ ಅವನೇ ಹೇಳಬೇಕು. ಮನೆಯಲ್ಲಿ ಹೆಂಡತಿ ಸಾರಿಗೆ ಉಪ್ಪು ಹಾಕುವಾಗಲೂ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದ. ಒಬ್ಬಳೇ ಮಗಳು, ದನದ ಡಾಕ್ಟರು. ಘಟ್ಟದ ಮೇಲಿನ ಸಣ್ಣ ಊರೊಂದರ ಪಶು ಆಸ್ಪತ್ರೆಯಲ್ಲಿ ಕೆಲಸ. ವಾರಕ್ಕೆ ಮೂರು ಸಲ ಅವಳಿಗೆ ಫೋನ್ ಮಾಡುತ್ತಿದ್ದ. ‘ಊಟ ಆಯ್ತಾ’ ಎಂದು ಶುರು, ‘ಆ ಸಗಣಿ ಕೆಲ್ಸ ಬಿಟ್ ಯಾವತ್ ಬತ್ತೆ’ ಎಂದು ಮುಕ್ತಾಯ. ಮೊದಮೊದಲು ಅವಳು ಉತ್ತರ ಕೊಡುತ್ತಿದ್ದಳು. ಆಮೇಲೆ ಬರೀ ಹೂಂ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಳು. ಊರಿಗೆ ಕಾಲಿಡದೆ ಎರಡು ವರ್ಷವಾಯಿತು. ನಾನೇನು ಕೆಟ್ಟದ್ದು ಹೇಳಿದೆ ಎಂದು ಅವನು ಕಂಡಕಂಡವರನ್ನು ಕೇಳುತ್ತಿದ್ದ. ಕೇಳಿ, ಉತ್ತರವನ್ನೂ ತಾನೇ ಹೇಳುತ್ತಿದ್ದ.

ರಕ್ತದೊತ್ತಡ ಏರಿತು. ವೈದ್ಯರು, “ದಿನಾ ಒಂದು ಗಂಟೆ ನೀರಿನ ಹತ್ತಿರ ಸುಮ್ಮನೆ ಕೂತ್ಕೊಳ್ಳಿ” ಎಂದರು. ಸುಮ್ಮನೆ! ಅವನಿಗೆ ಆ ಪದದ ಅರ್ಥವೇ ಗೊತ್ತಿಲ್ಲ. ವಿದೇಶದಿಂದ ಗಾಳದ ಕೋಲು ತರಿಸಿದ, ಅದಕ್ಕೊಂದು ಹೊಳೆಯುವ ರೀಲು ತರಿಸಿದ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ನಡೆಸಲು ಹೆರಿಯ ಎಂಬ ಮುದುಕನನ್ನು ಗೊತ್ತು ಮಾಡಿದ. ಹೆರಿಯ ಆರು ದಶಕ ನೀರಿನ ಮೇಲೆ ಕಳೆದವನು. ಗಾಳದ ದಾರವನ್ನು ಒಂದು ಮರದ ತುಂಡಿಗೆ ಸುತ್ತಿಕೊಂಡು ಕೈಯಲ್ಲೇ ಮೀನು ಹಿಡಿಯುವವನು.

ಮೂರನೆಯ ದಿನಕ್ಕೇ ಗ್ರಹಚಾರ ಹಿಡಿಯಿತು. ಆ ನೈಲಾನ್ ದಾರ, ನೀವು ತಂಗೂಸು ಅನ್ನುತ್ತೀರಲ್ಲ, ಅದು ರೀಲಿನಿಂದ ಸುರುಳಿ ಸುರುಳಿಯಾಗಿ ಎದ್ದು ಬಂತು. ಎಸೆದರೆ ಗಾಳ ದೂರ ಹೋಗುವುದಿಲ್ಲ; ದಾರ ತನಗೆ ತಾನೇ ಹೆಣೆದುಕೊಂಡು ಶ್ಯಾವಿಗೆಯ ಮುದ್ದೆಯಾಗಿ ಕಾಲ ಬುಡಕ್ಕೆ ಬೀಳುತ್ತದೆ. ಅವನೇನು ಮಾಡಿದ? ಅಂಗಡಿಯವನನ್ನು ಬೈದ. ದಾರ ಬದಲಿಸಿದ. ಮತ್ತೆ ಅದೇ. ಗಾಳಿಯನ್ನು ಬೈದ. ಮತ್ತೂ ಒಂದು ದಾರ ತಂದ. ಮತ್ತೂ ಅದೇ. ಕೊನೆಗೆ ಜೋಯಿಸರನ್ನು ದೋಣಿಗೇ ಕರೆಸಿದ. ಅವರು ಪಂಚಾಂಗ ತೆರೆದು, “ದೋಣಿಯ ಮುಖ ಮೂಡಕ್ಕೆ ಇರಬೇಕು” ಎಂದರು. ಹೊಳೆ ಹರಿಯುವುದು ಪಡುವಣಕ್ಕೆ. ಒಂದು ವಾರ ಹೆರಿಯ ಪಾಪ, ನೀರಿನ ಎದುರಿಗೇ ಹುಟ್ಟು ಹಾಕಿದ. ದಾರ ಮಾತ್ರ ನೆಟ್ಟಗಾಗಲಿಲ್ಲ.

ಒಂದು ದಿನ ಹೆರಿಯನೇ ಬಾಯಿ ಬಿಟ್ಟ. “ಒಡೇರೆ, ಒಂದ್ ಮಾತ್ ಹೇಳ್ತೆ. ದಾರ ತುಂಬುವತಿಗೆ ಉಂಡಿ ಮೊಗ್ಚಿ ಹಾಕ್ದ್ರಿ. ಅದ್ ಬಿಚ್ಚು ದಿಕ್ಕೂ ರೀಲ್ ಸುತ್ತು ದಿಕ್ಕೂ ಒಂದೇ ಆಗ್ಬೇಕ್. ಗಾಳದ್ ಮೇಲೆ ತಿರ್ಗು ಕೊಂಡಿ ಒಂದ್ ಹಾಕಿ. ಎಲ್ಲದ್ಕಿಂತ ದೊಡ್ಡ್ ಮಾತ್ ಕೇಳಿ: ಮೀನ್ ಎಳುವತಿಗೆ ಹ್ಯಾಂಡಲ್ ತಿರ್ಗ್ಸುಕಾಗ. ದಾರ ಒಳ್ಗ್ ಬತ್ತಿಲ್ಲೆ, ಹುರಿ ಮಾತ್ರ ಏರತ್ತ್.”

ಶ್ರೀಮಂತ ಅವನ ತೂತು ಬನಿಯನ್ ನೋಡಿದ, ಕೈಯಲ್ಲಿದ್ದ ಮರದ ತುಂಡು ನೋಡಿದ. “ನಿಂಗೆಂತ ಗೊತ್ತ್ ರೀಲಿನ್ ವಿಷ್ಯ” ಎಂದ.

ಪೇಟೆಯಿಂದ ತಜ್ಞನೊಬ್ಬ ಬಂದ. ಹದಿನಾರು ಜೇಬಿನ ಅಂಗಿ, ತಲೆಗೆ ಟೊಪ್ಪಿ. ಹೆರಿಯ ಹೇಳಿದ್ದನ್ನೇ ಹೇಳಿದ, ಇಂಗ್ಲಿಷಿನಲ್ಲಿ ಹೇಳಿದ. ಶ್ರೀಮಂತ ತಲೆದೂಗಿ ಎಲ್ಲವನ್ನೂ ಬರೆದುಕೊಂಡ. ಉಂಡೆಯನ್ನು ಸರಿ ದಿಕ್ಕಿಗೆ ಇಟ್ಟು ಹೊಸ ದಾರ ತುಂಬಿದ, ಕೊಂಡಿ ಹಾಕಿದ. ಮೂರನೆಯ ಮಾತನ್ನು ಚೆಂದದ ಅಕ್ಷರದಲ್ಲಿ ಬರೆದು ಪುಸ್ತಕ ಮುಚ್ಚಿದ. ನಾವೂ ಪ್ರವಚನವನ್ನು ಹಾಗೇ ಕೇಳುವುದಲ್ಲವೇ?

ಆಮೇಲೆ ಬಂತು ಆ ಬೆಳಿಗ್ಗೆ. ಉಬ್ಬರದ ನೀರು, ಸೇತುವೆಯ ಕಂಬದ ಬದಿ. ಕೋಲು ಒಮ್ಮೆಲೇ ಬಾಗಿತು. ಕೆಂಬೇರಿ ಮೀನು, ಹೆರಿಯನೇ ಬಾಯಿ ತೆರೆದು ನೋಡುವಷ್ಟು ದೊಡ್ಡದು. ಅದು ಎಳೆಯಿತು, ರೀಲು ಕಿರ್ರೆಂದು ಕೂಗುತ್ತ ದಾರ ಬಿಟ್ಟಿತು. ಶ್ರೀಮಂತ ಹ್ಯಾಂಡಲ್ ತಿರುಗಿಸಿದ. ಅದು ಎಳೆಯಿತು, ಇವನು ತಿರುಗಿಸಿದ. ಒಂದು ಮೊಳ ದಾರವೂ ಒಳಗೆ ಬರಲಿಲ್ಲ, ಆದರೂ ತಿರುಗಿಸಿದ.

“ಕೈ ಬಿಡಿ ಒಡೇರೆ. ಎಳೀಲಿ ಅದ್. ಸೋತ್ ನಿಂತ್ ಮೇಲೆ ತಿರ್ಗ್ಸಿ.”

“ಬಿಡೂಕೆ ನಾನ್ ಹುಟ್ಲಿಲ್ಲ” ಎಂದ ಶ್ರೀಮಂತ.

ಮೀನು ಒಂದು ಗಳಿಗೆ ಓಟ ನಿಲ್ಲಿಸಿತು, ದಾರ ಸಡಿಲಾಯಿತು. ಅಷ್ಟು ಹೊತ್ತು ಏರಿದ ಹುರಿಯೆಲ್ಲ ಅದೇ ಗಳಿಗೆಯಲ್ಲಿ ಗಂಟಾಗಿ ಕೋಲಿನ ತುದಿಯ ಬಳೆಗೆ ಸಿಕ್ಕಿತು. ಮೀನು ಮತ್ತೆ ಹಾರಿತು. ಟಪ್ಪೆಂದಿತು. ಅಷ್ಟೇ.

ಅವನು ದೋಣಿಯಲ್ಲಿ ಕುಕ್ಕರಿಸಿದ. ಬೈಯಲು ಯಾರೂ ಉಳಿದಿರಲಿಲ್ಲ. ಅಂಗಡಿಯವನನ್ನು ಬೈದಾಗಿತ್ತು, ಗಾಳಿಯನ್ನು ಬೈದಾಗಿತ್ತು, ದಿಕ್ಕನ್ನೂ ಬದಲಿಸಿ ನೋಡಿಯಾಗಿತ್ತು. ಗಂಟಾದ ದಾರ ತೋರಿಸಿ, “ಈ ದಾರವನ್ನೂ ಬಿಸಾಡೂದಾ?” ಎಂದು ಕೇಳಿದ. ನೋಡಿ, ಆ ಮನುಷ್ಯ ಉತ್ತರ ತಿಳಿಯದೆ ಕೇಳಿದ ಮೊದಲ ಪ್ರಶ್ನೆ ಅದು.

“ಬಿಸಾಡುದೆಂತಕೆ” ಎಂದ ಹೆರಿಯ. ಹರಿದ ತುದಿಯ ಗಂಟು ಕತ್ತರಿಸಿದ. ಹೊಸ ಗಾಳ ಕಟ್ಟಲಿಲ್ಲ, ಕೊಂಡಿ ಹಾಕಲಿಲ್ಲ, ಸೀಸದ ಗುಂಡೂ ಇಲ್ಲ. ಬರೀ ದಾರವನ್ನು ದೋಣಿಯ ಹಿಂದೆ ನೀರಿಗೆ ಬಿಟ್ಟು ಹುಟ್ಟು ಹಾಕತೊಡಗಿದ.

“ಗಾಳ ಇಲ್ದೆ ಎಂತ ಸಿಕ್ಕತ್ತ್?”

“ಎಂತದೂ ಸಿಕ್ಕುಕಿಲ್ಲೆ. ಅದ್ಕೇ ಹುರಿ ಬಿಡತ್ತ್. ತುದಿಯಗ್ ಎಂತಾರೂ ಇದ್ರೆ ಅದ್ ತಿರ್ಗುಕೆ ಬಿಡುದಿಲ್ಲೆ. ಸುಮ್ನೆ ಕೂತ್ಕಣಿ.”

ಸೇತುವೆಯ ಮೇಲೆ ನಿಂತವರು ನಕ್ಕರು. ಗಾಳವಿಲ್ಲದೆ ಮೀನು ಹಿಡಿಯುವ ಸಾಹುಕಾರ ಎಂದು ಒಬ್ಬ ಫೋಟೋನೂ ಹೊಡೆದ. ಶ್ರೀಮಂತನ ಕಿವಿ ಕೆಂಪಾಯಿತು, ಆದರೂ ಕೂತ. ನೀರಿನಲ್ಲಿ ದಾರದ ತುದಿ ಬುಗುರಿಯಂತೆ ತಿರುಗುತ್ತಿತ್ತು. ತಿರುಗಿ ತಿರುಗಿ ನಿಧಾನವಾಯಿತು, ಆಮೇಲೆ ನಿಂತಿತು. ಹೆರಿಯ ಹೇಳಿದಂತೆ ಶ್ರೀಮಂತ ಅದನ್ನು ಎರಡು ಬೆರಳ ನಡುವೆ ಹಿಡಿದು ಬಿಗಿಯಾಗಿ ಸುತ್ತಿಕೊಂಡ. ದಾರ ಒಂದು ಸುರುಳಿಯಿಲ್ಲದೆ ಬಂದು ಕೂತಿತು. ಅವನು ಅದನ್ನು ಬೆರಳಿನಿಂದ ಸವರಿ ಸವರಿ ನೋಡಿದ.

ಅದೇ ಮಧ್ಯಾಹ್ನ ಹೆಂಡತಿಯ ಫೋನಿನಿಂದ ಮಗಳಿಗೆ ಫೋನ್ ಮಾಡಿದ. ಅದನ್ನಾದರೆ ಅವಳು ಎತ್ತುತ್ತಾಳೆ.

“ಅಲ್ ಮಳಿ ಬಂತಾ?”

“ಅಪ್ಪಯ್ಯನಾ? ಎಂತ ಬೇಕಿತ್ತ್?”

“ಎಂತದೂ ಬ್ಯಾಡ. ಮಳಿ ಬಂತಾ ಅಂದೆ.”

“ಬಂತ್. ಮತ್ತೆ?”

“ಮತ್ತೆಂತದಿಲ್ಲ. ಇಡ್ತೆ.”

ಮರುದಿನ ಮೊದಲ ಬಸ್ಸಿಗೆ ಮಗಳು ಮನೆಬಾಗಿಲಲ್ಲಿ. ಪ್ರೀತಿ ಉಕ್ಕಿ ಬಂದಳು ಎಂದುಕೊಂಡಿರಾ? ಅಪ್ಪ ಸಾಯುತ್ತಿದ್ದಾನೆ ಎಂದುಕೊಂಡು ಬಂದಿದ್ದಳು. ಏನೂ ಕೇಳದೆ ಫೋನ್ ಇಟ್ಟ ಮೇಲೆ ಇನ್ನೇನು ಇರಲು ಸಾಧ್ಯ? ಜಗಲಿಯಲ್ಲಿ ನಿಂತೇ ಅವನ ನಾಡಿ ಹಿಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. “ಹೋರಿಗ್ ನೋಡ್ದಾಂಗ್ ನೋಡ್ತಿದ್ಯಲ್ಲೆ” ಎಂದ ಅವನು. ಅವಳು ನಕ್ಕಳು. ಆಮೇಲೆ ಯಾಕೋ ಅಳು ಬಂತು, ಒಳಗೆ ಹೋದಳು.

ದೋಸೆ ತಿನ್ನುವಾಗ ಅವಳು, “ಮಂಗಳವಾರ ಹೋತೆ” ಎಂದಳು. ಅವನ ಬಾಯಿಯವರೆಗೆ ಬಂತು: ಇಷ್ಟ್ ಬೇಗ್ನಾ, ಆ ಕೆಲ್ಸ ಬಿಡೂದಲ್ದಾ. ಹೆಂಡತಿ ಕಾವಲಿಯ ಮೇಲೆ ದೋಸೆ ಮಗುಚುವುದನ್ನು ಮರೆತು ಅವನನ್ನೇ ನೋಡುತ್ತಿದ್ದಳು. ಅವನು ಒಂದು ತುಂಡು ದೋಸೆ ಬಾಯಿಗೆ ಹಾಕಿಕೊಂಡು, “ಬಸ್ ಎಷ್ಟೊತ್ತಿಗ್ ಇತ್ತ್?” ಎಂದ. ಮಂಗಳವಾರ ಅವಳು ಹೋದಳು. ಹೌದು, ಹೋದಳು, ಕಥೆ ಎಂದು ಸುಳ್ಳು ಹೇಳಲೇ? ಬಸ್ಸಿನ ಕಿಟಕಿಯಿಂದ, “ಎರಡ್ನೇ ಶನಿವಾರ ರಜೆ ಇತ್ತ್, ಬತ್ತೆ” ಎಂದಳು. ಮತ್ತೆ ಯಾವಾಗ ಬರುತ್ತೀ ಎಂದು ಅವನು ಕೇಳಿರಲಿಲ್ಲ.

ಈಗ ಗೋಡೆ ಬಿಟ್ಟು ಮುಂದಕ್ಕೆ ಬನ್ನಿ. ಕಾರ್ಖಾನೆ ಇಲ್ಲದಿದ್ದರೇನು, ಹ್ಯಾಂಡಲ್ ಎಲ್ಲರ ಕೈಯಲ್ಲೂ ಉಂಟು. ಅತ್ತೆ ಸೊಸೆಗೆ ತಿರುಗಿಸುತ್ತಾಳೆ, ಅಣ್ಣ ತಮ್ಮನಿಗೆ ತಿರುಗಿಸುತ್ತಾನೆ, ಈ ಮಂದಿರದ ಅಧ್ಯಕ್ಷರು ಕಾರ್ಯದರ್ಶಿಗೆ ತಿರುಗಿಸುತ್ತಾರೆ. ಮುಂದಿನ ಸಾಲಿನಲ್ಲೇ ಇದ್ದಾರೆ, ಕ್ಷಮಿಸಲಿ. ಎದುರಿನವರು ಎಳೆಯುವಾಗ ನೀವಾಡುವ ಒಂದು ಮಾತೂ ಅವರನ್ನು ಒಳಗೆ ತರುವುದಿಲ್ಲ, ಹುರಿ ಮಾತ್ರ ಏರಿಸುತ್ತದೆ. ಆಗ ಬಾಯಿ ಮುಚ್ಚಿ. ಹುರಿ ಏರಿಯೇ ಹೋಗಿದ್ದರೆ ಮನುಷ್ಯರನ್ನು ಬಿಸಾಡಬೇಡಿ, ಮಾತಿನ ತುದಿಯ ಗಾಳವನ್ನು ಬಿಚ್ಚಿ. ‘ಊಟ ಆಯ್ತಾ’ ಎಂದರೆ ಊಟದ ವಿಷಯವೇ ಆಗಿರಲಿ.

ಇವತ್ತು ಮನೆಗೆ ಹೋಗಿ ಒಬ್ಬರಿಗೆ, ನಿಮ್ಮ ಫೋನ್ ಎತ್ತದ ಒಬ್ಬರಿಗೆ, ಏನೂ ಬೇಡದೆ ಫೋನ್ ಮಾಡಿ. ಅವರು ಗಾಬರಿಯಾಗಿ ‘ನಿಮಗೆ ಹುಷಾರಿಲ್ಲವಾ’ ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಇಷ್ಟು ವರ್ಷ ನೀವು ಹೇಗೆ ಮಾತಾಡಿದ್ದಿರಿ ಎಂಬುದಕ್ಕೆ ಅದೇ ಉತ್ತರ. ನಾಳೆಯೂ ಮಾಡಿ. ಅವರು ಗಾಬರಿಯಾಗದ ದಿನ ಬರುವವರೆಗೆ ಮಾಡಿ.