ಟ್ಯಾಂಕಿಲ್ಲದ ಗಾಡಿ

ಭದ್ರಾವತಿಯ ಪೆಟ್ರೋಲ್ ಬಂಕಿನ ಸಾಲಿನಲ್ಲಿ ಹಾಲೇಶನ ಮುಂದೆ, ಹೊಚ್ಚಹೊಸ ಸ್ಕೂಟರಿನ ಮೇಲೆ, ವಯಸ್ಸಾದ ದಂಪತಿ ಕೂತಿದ್ದರು.

"ಇಲ್ಲಿಗ್ಯಾಕ್ರೀ ತಿರುಗಿಸಿದ್ರಿ? ಇದು ಕರೆಂಟಿನ ಗಾಡಿ," ಎಂದರು ಹೆಂಡತಿ.

ಗಂಡ ಹ್ಯಾಂಡಲ್ ಮೇಲಿದ್ದ ತಮ್ಮ ಕೈ ನೋಡಿಕೊಂಡರು. "ಕೈ ತಾನಾಗೇ ತಿರುಗ್ತು, ಮಾರಾಯ್ತಿ."

"ಪ್ರಪಂಚದಲ್ಲಿ ಎಣ್ಣೆ ಮುಗಿದೇ ಹೋಗುತ್ತೆ ಅಂತ ಬೀದಿಗೆಲ್ಲ ಭಾಷಣ ಬಿಗಿದ್ರಲ್ಲ."

"ಮೆಲ್ಲಗೆ ಮಾತಾಡು. ಹಿಂದಿನೋರು ಕೇಳಿಸ್ಕೊಳ್ತಾರೆ."

ಹಾಲೇಶ ಆಕಾಶ ನೋಡಿದ.

"ಈಗ ಹೊರಗೆ ಹೋಗೋದು ಹೆಂಗೆ?" ಗಂಡ ಪಿಸುಗುಟ್ಟಿದರು.

"ಗಾಳಿ ಹೊಡೆಸೋಕೆ ಬಂದೋರ ಹಾಗೆ ಹೋಗಿ."

"ನಿನ್ನೆ ತಾನೇ ಶೋರೂಮಿಂದ ತಂದಿದ್ದು. ಗಾಳಿ ಫುಲ್ ಇದೆ."

"ಅದು ಅವರಿಗೇನು ಗೊತ್ತು?"

ಸ್ಕೂಟರ್ ಸದ್ದಿಲ್ಲದೆ ಸಾಲಿನಿಂದ ಸರಿದು, ಬಹಳ ಗಂಭೀರವಾಗಿ ಗಾಳಿ ಯಂತ್ರದ ಕಡೆಗೆ ಹೋಯಿತು. ಹಾಲೇಶ ಬೈಕನ್ನು ಮುಂದಕ್ಕೆ ತಳ್ಳಿಕೊಂಡ. ಪ್ರಪಂಚದ ಎಣ್ಣೆ ಮುಗಿಯುವುದು ಯಾವಾಗಲೋ ಏನೋ, ಭದ್ರಾವತಿಯ ಸಾಲಿನಲ್ಲಂತೂ ಆಗಲೇ ಒಂದು ಗಾಡಿ ಕಡಿಮೆಯಾಗಿತ್ತು.